ಟರ್ಬೈನ್ ನಡೆಯುತ್ತಿರುವಾಗಲೇ ಕಂಟ್ರೋಲ್ ಪ್ಯಾನೆಲ್‌ನ ಪವರ್ ಸಪ್ಲೈ ಬದಲಿಸಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಸಕ್ಕರೆ ಕಾರ್ಖಾನೆಯ ಕೋ-ಜನ್ (ಕಬ್ಬಿನ ಸಿಪ್ಪೆ ಸುಟ್ಟು ಉಗಿ, ವಿದ್ಯುತ್ ಎರಡನ್ನೂ ಮಾಡುವ) ಘಟಕ, ಸ್ಟೀಮ್ ಟರ್ಬೈನ್. ಅದರ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅಕ್ಕಪಕ್ಕ ಎರಡು 24 ವೋಲ್ಟ್ ಪವರ್ ಸಪ್ಲೈ ಮಾಡ್ಯೂಲ್‌ಗಳು. ಒಂದರ ಹಸಿರು ದೀಪ ಆರಿದೆ, ಇನ್ನೊಂದರ ಬಲದಿಂದ ಯಂತ್ರ ನಡೆಯುತ್ತಿದೆ. ಹಂಗಾಮು ಮುಗಿಯಲು ಇನ್ನೂ ಎರಡು ತಿಂಗಳಿದೆ. ಸ್ಟೋರ್‌ನಲ್ಲಿ ಏಳು ವರ್ಷದಿಂದ ಪೆಟ್ಟಿಗೆ ಬಿಚ್ಚದ ಒಂದು ಸ್ಪೇರ್ ಇದೆ. ನಿಲ್ಲಿಸದೆ ಬದಲಿಸಬಹುದೇ, ಆ ಹಳೆಯದನ್ನೇ ಹಾಕಬಹುದೇ ಎಂದು ಕೇಳಿದ್ದೀರಿ.

ಎರಡಕ್ಕೂ ಉತ್ತರ ಹೌದು, ಆದರೆ ಇವತ್ತೇ ಅಲ್ಲ. ಕೆಟ್ಟ ಮಾಡ್ಯೂಲ್ ಕೆಡುವಷ್ಟು ಕೆಟ್ಟಾಗಿದೆ, ಅದರಿಂದ ಹೊಸ ತೊಂದರೆ ಬರುವ ಸಾಧ್ಯತೆ ಕಡಿಮೆ. ಈಗ ಲಕ್ಷ್ಯ ಕೊಡಬೇಕಾದದ್ದು ಬದುಕಿರುವ ಇನ್ನೊಂದಕ್ಕೆ. ಅದಕ್ಕೂ ಅಷ್ಟೇ ವಯಸ್ಸು, ಅದೇ ಪ್ಯಾನೆಲ್‌ನ ಅದೇ ಬಿಸಿ, ಈಗ ಎರಡರ ಹೊರೆ. ಬೆಳಗಾವಿ, ಬಾಗಲಕೋಟೆ ಕಡೆಯ ಕಾರ್ಖಾನೆಗಳಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿಕೊಂಡು ಬಂದ ನನ್ನ ಅನುಭವದಲ್ಲಿ ಮಾಡ್ಯೂಲ್ ಕೆಟ್ಟು ನಿಂತ ಟರ್ಬೈನ್‌ಗಳಿಗಿಂತ, ಕೆಟ್ಟ ಮಾಡ್ಯೂಲನ್ನು ಬಿಚ್ಚಲು ಹೋದಾಗ ನಿಂತವೇ ಹೆಚ್ಚು.

ಮೊದಲು ದೀಪ ಏಕೆ ಆರಿದೆ ಎಂದು ನೋಡಿ. ಅನೇಕ ಪ್ಯಾನೆಲ್‌ಗಳಲ್ಲಿ ಒಂದು ಮಾಡ್ಯೂಲ್‌ಗೆ ಯುಪಿಎಸ್‌ನ 230 ವೋಲ್ಟ್, ಇನ್ನೊಂದಕ್ಕೆ ಬ್ಯಾಟರಿಯ 110 ವೋಲ್ಟ್ ಡಿಸಿ ಬರುತ್ತದೆ. ಹಿಂದಿನ ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಟ್ರಿಪ್ ಆಗಿದ್ದರೆ ಮಾಡ್ಯೂಲ್ ಚೆನ್ನಾಗಿಯೇ ಇರುತ್ತದೆ, ನೀವು ಆರೋಗ್ಯವಂತನಿಗೆ ಶಸ್ತ್ರಚಿಕಿತ್ಸೆ ಮಾಡಲು ಹೊರಟಿರುತ್ತೀರಿ. ಇನ್‌ಪುಟ್ ಟರ್ಮಿನಲ್‌ನಲ್ಲಿ ಮಲ್ಟಿಮೀಟರ್ ಇಟ್ಟು ನೋಡಲು ಒಂದು ನಿಮಿಷ ಸಾಕು. ಇನ್‌ಪುಟ್ ಸರಿಯಿದ್ದು ಔಟ್‌ಪುಟ್ ಇಲ್ಲದಿದ್ದರೆ ಮಾತ್ರ ಮಾಡ್ಯೂಲ್ ಮೇಲೆ ಅನುಮಾನ ಪಡಿ. ಎಂಸಿಬಿ ಬಿದ್ದಿದ್ದರೆ ಸುಮ್ಮನೆ ಎತ್ತಬೇಡಿ; ಒಳಗೆ ಶಾರ್ಟ್ ಆಗಿಯೇ ಬಿದ್ದಿರಬಹುದು.

ಮುಂದಿನ ಪ್ರಶ್ನೆ ಡಯೋಡ್‌ನದು, ಅಂದರೆ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗದ್ದು. ಎರಡು ಸಪ್ಲೈಗಳ ಔಟ್‌ಪುಟ್ ಸೇರುವ ಜಾಗದಲ್ಲಿ ರಿಡಂಡೆನ್ಸಿ ಮಾಡ್ಯೂಲ್, ಅಂದರೆ ಎರಡು ಡಯೋಡ್‌ಗಳಿರುವ ಡಬ್ಬಿ, ಇರಬೇಕು. ಒಂದು ಸಪ್ಲೈ ಸತ್ತರೆ ಅದು ಇನ್ನೊಂದರ ವಿದ್ಯುತ್ತನ್ನು ಹೀರದಂತೆ ತಡೆಯುವುದು ಇದೇ. ಆದರೆ ಖರ್ಚು ಉಳಿಸಲು ಎರಡೂ ಪ್ಲಸ್ ತಂತಿಗಳನ್ನು ನೇರವಾಗಿ ಒಂದೇ ಬಸ್‌ಬಾರ್‌ಗೆ (ವಿದ್ಯುತ್ ಹಂಚುವ ಲೋಹದ ಪಟ್ಟಿಗೆ) ಕಟ್ಟಿದ ಪ್ಯಾನೆಲ್‌ಗಳನ್ನೂ ನೋಡಿದ್ದೇನೆ. ಪರೀಕ್ಷೆ ಸುಲಭ. ಸತ್ತ ಮಾಡ್ಯೂಲ್‌ನ ಔಟ್‌ಪುಟ್ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಡಯೋಡ್ ತನ್ನ ಕೆಲಸ ಮಾಡುತ್ತಿದೆ. ಅಲ್ಲೂ 24 ವೋಲ್ಟ್ ತೋರಿಸಿದರೆ ಡಯೋಡ್ ಇಲ್ಲ, ಅಥವಾ ಅದೇ ಶಾರ್ಟ್ ಆಗಿದೆ. ಬಸ್‌ನಿಂದ ಹಿಮ್ಮುಖವಾಗಿ ವಿದ್ಯುತ್ ಬರುತ್ತಿದೆ. ಹಾಗಿದ್ದಲ್ಲಿ ನಡೆಯುವ ಯಂತ್ರದಲ್ಲಿ ಕೈ ಹಾಕಬೇಡಿ. ಇನ್ನು ಬದುಕಿರುವ ಕಡೆ ಡಯೋಡ್‌ನ ಮುಂಚೆ ಮತ್ತು ನಂತರ ಅಳೆದರೆ ಸಾಮಾನ್ಯ ಡಯೋಡ್‌ನಲ್ಲಿ ಸುಮಾರು ಅರ್ಧದಿಂದ ಮುಕ್ಕಾಲು ವೋಲ್ಟ್ ಕುಸಿತ ಕಾಣಬೇಕು. ಡಯೋಡ್ ಬದಲು ಮಾಸ್‌ಫೆಟ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಬಳಸಿದ ಹೊಸ ಮಾದರಿಯಲ್ಲಿ ಇನ್ನೂ ಬಹಳ ಕಡಿಮೆ. ಹಿಮ್ಮುಖ ವಿದ್ಯುತ್ ಬಂದರೆ ಹಲವು ಮಾದರಿಗಳಲ್ಲಿ ಸತ್ತ ಮಾಡ್ಯೂಲ್‌ನ ದೀಪವೂ ಉರಿಯುತ್ತಲೇ ಇರುತ್ತದೆ, ಅಲಾರಂ ಬರುವುದೇ ಇಲ್ಲ. ನಿಮ್ಮಲ್ಲಿ ದೀಪ ಆರಿರುವುದು ಒಳ್ಳೆಯ ಲಕ್ಷಣ, ಆದರೂ ಅಳೆಯಿರಿ.

ಈಗ ತಂತಿಗಳ ವಿಷಯ. ಇಲ್ಲಿ ಆತುರಪಡಬೇಡಿ. ಪವರ್ ಸಪ್ಲೈಗಳಲ್ಲಿ ಮೈನಸ್‌ಗೆ ಎರಡು ಅಥವಾ ಮೂರು ಟರ್ಮಿನಲ್‌ಗಳಿರುತ್ತವೆ. ಪ್ಯಾನೆಲ್ ಕಟ್ಟುವವನಿಗೆ ಅದು ಬಿಟ್ಟಿ ಸಿಕ್ಕ ಜಂಕ್ಷನ್. ಒಂದನೇ ಮಾಡ್ಯೂಲ್‌ನ ಮೈನಸ್‌ನಿಂದ ಎರಡನೆಯದಕ್ಕೆ, ಅಲ್ಲಿಂದ ಟರ್ಮಿನಲ್ ಸ್ಟ್ರಿಪ್‌ಗೆ ಎಂದು ಸರಪಳಿ ಹಾಕಿಬಿಟ್ಟಿರುತ್ತಾನೆ. ಇನ್‌ಪುಟ್‌ನ ನ್ಯೂಟ್ರಲ್‌ನಲ್ಲೂ ಇದೇ ಕಥೆ. ಡ್ರಾಯಿಂಗ್‌ನಲ್ಲಿ ಎಲ್ಲವೂ ಬೇರೆ ಬೇರೆ ಗೆರೆಗಳಾಗಿ ಅಂದವಾಗಿ ಕಾಣುತ್ತವೆ. ನೀವು ಸತ್ತ ಮಾಡ್ಯೂಲ್‌ನ ಮೈನಸ್ ಸ್ಕ್ರೂ ಸಡಿಲಿಸಿದ ಕ್ಷಣ ಇಡೀ ಪ್ಯಾನೆಲ್‌ನ ಸೊನ್ನೆ ವೋಲ್ಟ್ ತಂತಿ ಬಿಟ್ಟುಹೋಗುತ್ತದೆ. ಟ್ರಿಪ್ ಸೊಲೆನಾಯ್ಡ್, ಅಂದರೆ ಉಗಿಯ ಟ್ರಿಪ್ ವಾಲ್ವನ್ನು ತೆರೆದಿಡುವ ವಿದ್ಯುತ್ಕಾಂತ, ಸಾಮಾನ್ಯವಾಗಿ ವಿದ್ಯುತ್ ಇರುವಾಗ ಮಾತ್ರ ಯಂತ್ರವನ್ನು ನಡೆಯಲು ಬಿಡುವಂಥದ್ದು. ವಿದ್ಯುತ್ ಹೋದರೆ ಟ್ರಿಪ್ ವಾಲ್ವ್ ಮುಚ್ಚಲೇಬೇಕು ಎಂದೇ ಅದನ್ನು ಹಾಗೆ ಮಾಡಿರುತ್ತಾರೆ. ಅದು ತನ್ನ ಧರ್ಮ ಪಾಲಿಸುತ್ತದೆ, ಟರ್ಬೈನ್ ನಿಲ್ಲುತ್ತದೆ, ಬಾಯ್ಲರ್‌ನ ಸೇಫ್ಟಿ ವಾಲ್ವ್ ಊದುತ್ತದೆ, ಗಿರಣಿ ನಿಂತು ಯಾರ್ಡ್‌ನಲ್ಲಿ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು ಬೆಳೆಯುತ್ತದೆ. ಆದ್ದರಿಂದ ಡ್ರಾಯಿಂಗ್ ಬದಿಗಿಟ್ಟು ಟಾರ್ಚ್ ಹಿಡಿದು ಪ್ರತಿ ತಂತಿಯನ್ನೂ ಕಣ್ಣಿನಿಂದ ಹಿಂಬಾಲಿಸಿ. ಒಂದೇ ಟರ್ಮಿನಲ್‌ನಲ್ಲಿ ಎರಡು ತಂತಿ ಕಂಡರೆ ಅಲ್ಲಿಗೇ ನಿಲ್ಲಿಸಿ. ಎರಡನೆಯ ತಂತಿ ಎಲ್ಲಿಗೆ ಹೋಗಿದೆ ಎಂದು ಗೊತ್ತಾದ ಮೇಲೆ, ಅದಕ್ಕೆ ಸಮಾನಾಂತರವಾಗಿ ಇನ್ನೊಂದು ತಂತಿಯನ್ನು ಭದ್ರವಾಗಿ ಹಾಕಿದ ನಂತರವೇ ಬಿಚ್ಚುವ ಮಾತು. ಗಟ್ಟಿಯಾಗಿ ಹಾಕಲು ಜಾಗವಿಲ್ಲದಿದ್ದರೆ ಆ ಕೆಲಸವನ್ನು ಮುಂದಿನ ನಿಲುಗಡೆಗೆ ಬಿಡುವುದೇ ಲೇಸು.

ಉಳಿದ ಮಾಡ್ಯೂಲ್‌ನ ಹೊರೆಯನ್ನು ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್‌ನಿಂದ ನೋಡಿ. 20 ಆಂಪಿಯರ್ ಮಾಡ್ಯೂಲ್‌ನಿಂದ 12–13 ಆಂಪಿಯರ್ ಹೋಗುತ್ತಿದ್ದರೆ ನಿಶ್ಚಿಂತೆ. 18ರ ಆಸುಪಾಸಿದ್ದರೆ ಚಿಂತಿಸಬೇಕು, ಏಕೆಂದರೆ ಪ್ಯಾನೆಲ್ ಬಿಸಿಯಾದಂತೆ ಅದರ ಸಾಮರ್ಥ್ಯವೂ ಇಳಿಯುತ್ತದೆ. ಎಷ್ಟು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಎರಡರ ವೋಲ್ಟೇಜ್ ಸೆಟ್ಟಿಂಗ್‌ನಲ್ಲಿ ಅರ್ಧ ವೋಲ್ಟ್ ವ್ಯತ್ಯಾಸವಿದ್ದರೂ ಹೆಚ್ಚಿನದೇ ಇಷ್ಟು ವರ್ಷ ಬಹುತೇಕ ಹೊರೆ ಹೊತ್ತಿರುತ್ತದೆ. ಸಾಮಾನ್ಯವಾಗಿ ಮೊದಲು ಸಾಯುವುದೂ ಅದೇ. ಉಳಿದದ್ದು ಪೂರ್ಣ ಹೊರೆಯನ್ನು ಹಿಂದೆಂದೂ ಹೊತ್ತಿರದೇ ಇರಬಹುದು. ಹಾಗಾಗಿ ಒಂದೆರಡು ದಿನ ಅದರ ಮೈ ಎಷ್ಟು ಬಿಸಿಯಾಗುತ್ತದೆ, ಬಸ್ ವೋಲ್ಟೇಜ್ ಅಲುಗುತ್ತದೆಯೇ ಎಂದು ಗಮನಿಸಿ, ಆಮೇಲೆ ಕೆಲಸಕ್ಕೆ ಇಳಿಯಿರಿ.

ಆ ಒಂದೆರಡು ದಿನದಲ್ಲಿ ಸ್ಪೇರ್ ಸಿದ್ಧಪಡಿಸಬಹುದು. ಏಳು ವರ್ಷ ವಿದ್ಯುತ್ ಕಾಣದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಒಳಗಿನ ಆಕ್ಸೈಡ್ ಪದರ ತೆಳುವಾಗಿರುತ್ತದೆ. ಒಮ್ಮೆಲೇ ಪೂರ್ಣ ವೋಲ್ಟೇಜ್ ಕೊಟ್ಟರೆ ಸೋರಿಕೆ ಹೆಚ್ಚಿ, ಬಿಸಿಯಾಗಿ, ಕೆಲವೊಮ್ಮೆ ಒಡೆದೇ ಹೋಗುತ್ತದೆ. ಕಾರ್ಯಾಗಾರದ ಮೇಜಿನ ಮೇಲೆ ವೇರಿಯಾಕ್ (ವೋಲ್ಟೇಜ್ ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್) ಮೂಲಕ, ಔಟ್‌ಪುಟ್‌ಗೆ ಹೊರೆ ಹಾಕದೆ, ಇನ್‌ಪುಟ್ ವೋಲ್ಟೇಜನ್ನು ನಿಧಾನವಾಗಿ ಏರಿಸಿ. ಸರಣಿಯಲ್ಲಿ ಹಳೆಯ ಕಾಲದ ಒಂದು ಫಿಲಮೆಂಟ್ ಬಲ್ಬ್ ಇಟ್ಟುಕೊಂಡರೆ ಒಳಗೆ ಶಾರ್ಟ್ ಇದ್ದಲ್ಲಿ ಬಲ್ಬ್ ಪ್ರಖರವಾಗಿ ಉರಿದು ತಿಳಿಸುತ್ತದೆ. ಪೂರ್ಣ ವೋಲ್ಟೇಜ್‌ನಲ್ಲಿ ಕೆಲವು ಗಂಟೆ ಬಿಟ್ಟು, ಬಲ್ಬ್ ತೆಗೆದು, ಬಳಿಕ ರೆಸಿಸ್ಟರ್ ಹೊರೆ ಹಾಕಿ ಒಂದು ದಿನ ಓಡಿಸಿ. ಆಸಿಲೋಸ್ಕೋಪ್‌ನಲ್ಲಿ ರಿಪಲ್, ಅಂದರೆ ಡಿಸಿ ಮೇಲಿನ ಸಣ್ಣ ಏರಿಳಿತ, ನೋಡಿ. ಇಂಥ ಮಾಡ್ಯೂಲ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 50ರಿಂದ 100 ಮಿಲಿವೋಲ್ಟ್ ಮಿತಿ ಇರುತ್ತದೆ. ಅದನ್ನು ಮೀರಿದರೆ ಆ ಸ್ಪೇರನ್ನು ಸ್ಟೋರ್‌ಗೆ ಹಿಂತಿರುಗಿಸಬೇಡಿ, ಗುಜರಿಗೆ ಹಾಕಿ. ಸ್ಟೋರ್‌ಗೆ ಹೋದರೆ ಇನ್ನೊಬ್ಬ ಬಡಪಾಯಿ ರಾತ್ರಿ ಪಾಳಿಯಲ್ಲಿ ಅದನ್ನೇ ಹೊಸದೆಂದು ತಂದು ಹಾಕುತ್ತಾನೆ. ಔಟ್‌ಪುಟ್ ವೋಲ್ಟೇಜನ್ನು ಉಳಿದ ಮಾಡ್ಯೂಲ್‌ನದಕ್ಕೆ ಸಮನಾಗಿ ಮೇಜಿನ ಮೇಲೆಯೇ ಹೊಂದಿಸಿಕೊಳ್ಳಿ.

ಬದಲಿಸುವ ಕೆಲಸ ಇದರ ಮುಂದೆ ಚಿಕ್ಕದು. ಹಗಲು ಹೊತ್ತು ಆರಿಸಿ. ಪರ್ಮಿಟ್ ತೆಗೆದುಕೊಳ್ಳಿ, ಶಿಫ್ಟ್ ಇನ್‌ಚಾರ್ಜ್, ಬಾಯ್ಲರ್‌ನವರು, ಗ್ರಿಡ್‌ಗೆ ವಿದ್ಯುತ್ ಕಳುಹಿಸುವ ಕಡೆಯವರು ಎಲ್ಲರಿಗೂ ಹೇಳಿ. ಇನ್‌ಪುಟ್ ಎಂಸಿಬಿ ಇಳಿಸಿದ ಮೇಲೂ ಕೆಲವು ನಿಮಿಷ ಕಾಯಬೇಕು, 230 ವೋಲ್ಟ್ ಮಾಡ್ಯೂಲ್‌ನ ಒಳಗಿನ ಕೆಪಾಸಿಟರ್‌ನಲ್ಲಿ 300 ವೋಲ್ಟ್ ಮೀರಿದ ಡಿಸಿ ನಿಂತಿರುತ್ತದೆ. ಬಿಚ್ಚಿದ ಪ್ರತಿ ತಂತಿಯ ತುದಿಗೂ ಒಂದೊಂದರಂತೆ ಇನ್ಸುಲೇಷನ್ ಟೇಪ್ ಸುತ್ತಿ. ಪ್ಲಸ್ ತಂತಿ ಜಾರಿ ಡಿನ್ ರೈಲ್‌ಗೆ (ಮಾಡ್ಯೂಲ್ ಕೂರಿಸುವ ಲೋಹದ ಪಟ್ಟಿಗೆ) ತಗಲಿದರೆ ಇಷ್ಟು ಹೊತ್ತಿನ ಶ್ರಮವೆಲ್ಲ ವ್ಯರ್ಥ. ಹೊಸದನ್ನು ಕೂರಿಸಿ, ಮೊದಲು ಇನ್‌ಪುಟ್ ಮಾತ್ರ ಕೊಟ್ಟು ವೋಲ್ಟೇಜ್ ಮತ್ತು ಪ್ಲಸ್-ಮೈನಸ್ ಖಚಿತಪಡಿಸಿಕೊಂಡು, ಆಫ್ ಮಾಡಿ, ಔಟ್‌ಪುಟ್ ಜೋಡಿಸಿ, ಮತ್ತೆ ಚಾಲೂ ಮಾಡಿ.

ಈ ಹಂತದಲ್ಲಿ ಯಾರೋ ಒಬ್ಬರು ಬಂದು, ಸೊಲೆನಾಯ್ಡ್‌ಗೆ ಹೊರಗಿನಿಂದ ಪ್ರತ್ಯೇಕ 24 ವೋಲ್ಟ್ ಕೊಟ್ಟು ಹಿಡಿದಿಡೋಣ, ಟ್ರಿಪ್ ಆಗುವ ಭಯವೇ ಇರುವುದಿಲ್ಲ ಎನ್ನುತ್ತಾರೆ. ಎಷ್ಟು ಹಿರಿಯರೇ ಹೇಳಿದರೂ ಒಪ್ಪಬೇಡಿ. ಹಾಗೆ ಮಾಡಿದರೆ ಟರ್ಬೈನ್‌ನ ವೇಗ ಕಾಯುವ ನಿಯಂತ್ರಕ, ಅಂದರೆ ಗವರ್ನರ್, ಸತ್ತರೂ ಉಗಿ ಹರಿಯುತ್ತಲೇ ಇರಬಹುದು, ಓವರ್‌ಸ್ಪೀಡ್ ಆದರೂ ಎಲೆಕ್ಟ್ರಾನಿಕ್ ಟ್ರಿಪ್ ಕೆಲಸ ಮಾಡುವುದಿಲ್ಲ. ಟ್ರಿಪ್ ಆದರೆ ಕೆಲವು ಗಂಟೆಗಳ ಉತ್ಪಾದನೆ ಹೋಗುತ್ತದೆ. ಓವರ್‌ಸ್ಪೀಡ್ ಆದ ರೋಟರ್ ಒಡೆದರೆ ಆ ಶೆಡ್‌ನಲ್ಲಿರುವವರ ಪ್ರಾಣ ಹೋಗುತ್ತದೆ.

ನಿರ್ವಹಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಬಿಸಿ 10 ಡಿಗ್ರಿ ಹೆಚ್ಚಿದರೆ ಆಯಸ್ಸು ಸುಮಾರು ಅರ್ಧವಾಗುತ್ತದೆ. ನಮ್ಮ ಕಾರ್ಖಾನೆಗಳಲ್ಲಿ ಪ್ಯಾನೆಲ್ ಎಸಿ ಕೆಟ್ಟರೆ ಬಾಗಿಲು ತೆರೆದು ಪೆಡೆಸ್ಟಲ್ ಫ್ಯಾನ್ ಇಡುವ ಪದ್ಧತಿ. ಬಿಸಿ ಸ್ವಲ್ಪ ಇಳಿಯುತ್ತದೆ ನಿಜ, ಅದರ ಜೊತೆಗೆ ಬಗಾಸ್ (ಕಬ್ಬಿನ ಸಿಪ್ಪೆ) ಧೂಳು ಒಳಗೆ ಹೋಗಿ ಮಾಡ್ಯೂಲ್‌ನ ಗಾಳಿಕಿಂಡಿ ಮುಚ್ಚುತ್ತದೆ. ಸಕ್ಕರೆ ಬಿಳಿ ಮಾಡಲು ಗಂಧಕ ಸುಡುವ ಕಾರ್ಖಾನೆಯಾದರೆ ಆ ಹೊಗೆ ತಾಮ್ರ, ಬೆಳ್ಳಿಯ ಸಂಪರ್ಕಗಳನ್ನೂ ತಿನ್ನುತ್ತದೆ. ಎಸಿ ರಿಪೇರಿಯ ಬಿಲ್‌ಗೆ ಸಹಿ ಹಾಕಿಸುವುದು ಕಷ್ಟ ಎಂದು ಗೊತ್ತು. ಒಂದು ಟ್ರಿಪ್‌ನ ನಷ್ಟದ ಲೆಕ್ಕವನ್ನು ಅದರ ಜೊತೆಗೆ ಲಗತ್ತಿಸಿ ಕಳುಹಿಸಿ.

ಹಂಗಾಮು ಮುಗಿದ ಮೇಲೆ ಈಗ ಉಳಿದಿರುವ ಹಳೆಯ ಮಾಡ್ಯೂಲನ್ನೂ, ಏಳು ವರ್ಷದ ಸ್ಪೇರನ್ನೂ ತೆಗೆದು ಎರಡೂ ಹೊಸದು ಹಾಕಿ. ಸಾಧ್ಯವಾದರೆ ಎರಡನ್ನೂ ಒಂದೇ ದಿನ, ಒಂದೇ ತಯಾರಿಕಾ ಬ್ಯಾಚ್‌ನಿಂದ ಕೊಳ್ಳಬೇಡಿ. ನಂತರ ಪ್ರತಿ ವರ್ಷ, ಉಗಿ ಬಿಡುವ ಮುಂಚೆ, ಒಂದನ್ನು ಆಫ್ ಮಾಡಿ ಇನ್ನೊಂದರ ಮೇಲೆ ಪೂರ್ಣ ಹೊರೆ ಹಾಕಿ ನೋಡಿ, ಆಮೇಲೆ ಅದಲು ಬದಲು ಮಾಡಿ. ಆಫ್ ಮಾಡಿದಾಗ ಕಂಟ್ರೋಲ್ ರೂಮ್‌ನಲ್ಲಿ ಅಲಾರಂ ಬಂತೇ? ನಿಮ್ಮ ಪ್ರಶ್ನೆಯಲ್ಲಿ ದೀಪ ಆರಿದ್ದನ್ನು ಯಾರೋ ಕಣ್ಣಾರೆ ಕಂಡರು ಎಂದಿದೆ, ಅಲಾರಂನ ಸುದ್ದಿಯೇ ಇಲ್ಲ. ಮಾಡ್ಯೂಲ್‌ನಲ್ಲಿರುವ ಡಿಸಿ-ಓಕೆ ರಿಲೇ (ಔಟ್‌ಪುಟ್ ಹೋದರೆ ಸುದ್ದಿ ಕೊಡುವ ಸ್ವಿಚ್) ಸಂಪರ್ಕಕ್ಕೆ ತಂತಿಯನ್ನೇ ಎಳೆದಿಲ್ಲವೋ ಏನೋ, ನೋಡಿ.

ಅದೇ ನಿಲುಗಡೆಯಲ್ಲಿ ಬ್ಯಾಟರಿಯನ್ನೂ ಪರೀಕ್ಷಿಸಿ. ಗ್ರಿಡ್ ಹೋಗಿ ಎಸಿ ಪಂಪ್ ನಿಂತಾಗ ಬೇರಿಂಗ್‌ಗೆ ಎಣ್ಣೆ ಕೊಡುವ ತುರ್ತು ಡಿಸಿ ಪಂಪ್, ನಿಯಂತ್ರಕ ಎರಡೂ ಅನೇಕ ಕಡೆ ಒಂದೇ 110 ವೋಲ್ಟ್ ಬ್ಯಾಟರಿಯಿಂದ ಬದುಕುತ್ತವೆ. ಪಂಪ್ ಹೊರಡುವ ಕ್ಷಣ ಬ್ಯಾಟರಿ ವೋಲ್ಟೇಜ್ ಕುಸಿಯುತ್ತದೆ. ವುಡ್‌ವರ್ಡ್ 505 ಗವರ್ನರ್‌ನ ಒಂದು ಮಾದರಿ 90ರಿಂದ 150 ವೋಲ್ಟ್ ಡಿಸಿಗೆ ಮಾಡಿದ್ದು. ದುರ್ಬಲ ಬ್ಯಾಟರಿ ಆ 90ರ ಕೆಳಗೆ ಇಳಿದರೆ ಪವರ್ ಸಪ್ಲೈ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ಚಾರ್ಜರ್ ಆಫ್ ಮಾಡಿ, ಡಿಸಿ ಪಂಪ್ ಚಾಲೂ ಮಾಡಿ, ಕನಿಷ್ಠ ವೋಲ್ಟೇಜ್ ಎಷ್ಟಕ್ಕೆ ಇಳಿಯಿತು ಎಂದು ದಾಖಲಿಸಿ.

ಗಲ್ಫ್‌ನಲ್ಲಿ ಗ್ಯಾಸ್ ಟರ್ಬೈನ್ ಮೇಲಿರುವ ನಮ್ಮವರು ಇದನ್ನು ಓದುತ್ತಿದ್ದರೆ: ಜಿಇ ಕಂಪನಿಯ ಮಾರ್ಕ್ ಸಿಕ್ಸ್‌ನಂಥ ಮೂರು ನಿಯಂತ್ರಕಗಳ ವ್ಯವಸ್ಥೆಯಲ್ಲಿ ಆರ್, ಎಸ್, ಟಿ ಪ್ರತಿಯೊಂದು ರ‍್ಯಾಕ್‌ಗೂ ತನ್ನದೇ ಸಪ್ಲೈ ಇರುವುದರಿಂದ ಕೆಲಸ ಇದಕ್ಕಿಂತ ಸುಲಭ. ಆದರೆ ಬೇರೆ ಎರಡು ರ‍್ಯಾಕ್‌ಗಳಲ್ಲಿ ಒಂದೂ ಅಲಾರಂ ಇಲ್ಲದಿದ್ದರೆ ಮಾತ್ರ ಮುಟ್ಟಿ, ಮೂವರಲ್ಲಿ ಇಬ್ಬರ ಮಾತಿನ ಮೇಲೆ ಯಂತ್ರ ನಡೆಯುತ್ತಿರುತ್ತದೆ.

ನಿಮ್ಮ ಪ್ಯಾನೆಲ್ ಡ್ರಾಯಿಂಗ್‌ನ ಪವರ್ ಡಿಸ್ಟ್ರಿಬ್ಯೂಷನ್ ಪುಟ, ಸತ್ತ ಮಾಡ್ಯೂಲ್‌ನ ಔಟ್‌ಪುಟ್ ಟರ್ಮಿನಲ್‌ನಲ್ಲಿ ಬಂದ ವೋಲ್ಟೇಜ್, ಉಳಿದದ್ದರ ಆಂಪಿಯರ್ ಇವಿಷ್ಟನ್ನು ಪ್ರಶ್ನೆಗೆ ಸೇರಿಸಿ. ಈಗ ಬದಲಿಸುವುದೋ, ಹಂಗಾಮು ಮುಗಿಯುವ ತನಕ ಕಾಯುವುದೋ ಎಂದು ನೋಡಿ ಹೇಳುತ್ತೇನೆ.