ಮಗ ನೀರಿನಿಂದ ಬದುಕಿ ಬಂದ, ನನ್ನ ಭಯ ಮಾತ್ರ ಹೋಗುತ್ತಿಲ್ಲ

ಪ್ರಶ್ನೆ: ಡಾಕ್ಟ್ರೇ, ನನ್ನ ಮಗನಿಗೆ ನಾಲ್ಕು ವರ್ಷ. ಮೂರು ವಾರದ ಹಿಂದೆ ನೆಂಟರೆಲ್ಲ ಸೇರಿದ್ದಾಗ ಈಜುಕೊಳಕ್ಕೆ ಬಿದ್ದುಬಿಟ್ಟ. ಅಷ್ಟು ಜನ ಇದ್ದರೂ ಯಾರಿಗೂ ಸದ್ದು ಕೇಳಿಸಲಿಲ್ಲ. ನಮಗೆ ಗುರುತೇ ಇಲ್ಲದ ಒಬ್ಬ ಯುವಕ ನೋಡಿ, ಧುಮುಕಿ ಎತ್ತಿದರು. ಉಸಿರಾಟ ನಿಂತಿತ್ತು. ಅವರೇ ಬಾಯಿಗೆ ಬಾಯಿಟ್ಟು ಗಾಳಿ ಊದಿದರು. ಮಗ ಕೆಮ್ಮಿ, ವಾಂತಿ ಮಾಡಿ, ಅತ್ತ. ಎರಡು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಕೊಟ್ಟು ಮನೆಗೆ ಕಳಿಸಿದರು. ಈಗ ಆಡುತ್ತಾನೆ, ಊಟ ಮಾಡುತ್ತಾನೆ. ಆದರೆ ಸ್ನಾನ ಅಂದರೆ ಕಿರುಚುತ್ತಾನೆ. ನೀರು ಶ್ವಾಸಕೋಶದಲ್ಲಿ ಉಳಿದು ವಾರಗಳ ನಂತರ ನಿದ್ದೆಯಲ್ಲೇ ಮಕ್ಕಳು ಸಾಯುತ್ತಾರೆ ಅಂತ ಮೊಬೈಲಿಗೆ ಮೆಸೇಜ್ ಬಂದಾಗಿನಿಂದ ನಾನು ರಾತ್ರಿ ಮಲಗಿಲ್ಲ. ತಮ್ಮನನ್ನು ನೋಡಿಕೋ ಅಂತ ಒಂಬತ್ತು ವರ್ಷದ ಮಗಳಿಗೆ ಹೇಳಿದ್ದೆ. ಅವಳು ಈಗ ಮಾತೇ ಆಡುತ್ತಿಲ್ಲ. ಕಾಪಾಡಿದವರು ದುಡ್ಡು ಬೇಡ ಅಂದರು, ಈಗ ಫೋನೂ ಎತ್ತುತ್ತಿಲ್ಲ. ಅವರ ಋಣ ಹೇಗೆ ತೀರಿಸಲಿ?

ಉತ್ತರ: ಮೊದಲು ಆ ಮೆಸೇಜ್ ಅಳಿಸಿಹಾಕಿ. ವಾರಗಟ್ಟಲೆ ಚೆನ್ನಾಗಿ ಆಡಿಕೊಂಡಿದ್ದ ಮಗು, ಹಳೆಯ ನೀರಿನಿಂದ ಒಂದು ರಾತ್ರಿ ಇದ್ದಕ್ಕಿದ್ದಂತೆ ಸಾಯುವ ಕಾಯಿಲೆ ಅಂತ ಯಾವುದೂ ಇಲ್ಲ. ನೀರು ಒಳಗೆ ಹೋಗಿ ತೊಂದರೆ ಆಗುವುದಿದ್ದರೆ ಅದು ಕೆಲವೇ ಗಂಟೆಗಳಲ್ಲಿ, ಸಾಮಾನ್ಯವಾಗಿ 8 ಗಂಟೆಯೊಳಗೆ, ಗೊತ್ತಾಗುತ್ತದೆ. ಕೆಮ್ಮು ನಿಲ್ಲುವುದಿಲ್ಲ, ಉಸಿರು ಜೋರಾಗುತ್ತದೆ, ಮಗು ಮಂಕಾಗುತ್ತದೆ. ನೀರಿನಿಂದ ಎತ್ತಿದ ಮಗು ಆರಾಮಾಗಿ ಕಂಡರೂ ಕೆಲವು ಗಂಟೆ ಆಸ್ಪತ್ರೆಯಲ್ಲಿ ಇಟ್ಟುಕೊಂಡು ನೋಡುವುದು ಇದಕ್ಕೇ. ನಿಮ್ಮ ಮಗ ಆ ಘಟ್ಟ ದಾಟಿ ಎಷ್ಟೋ ದಿನವಾಯಿತು.

ಒಳಗೆ ಆಗಿದ್ದೇನು ಅಂತ ತಿಳಿದರೆ ನಿಮಗೂ ಸ್ವಲ್ಪ ಧೈರ್ಯ ಬರಬಹುದು. ಶ್ವಾಸಕೋಶಕ್ಕೆ ಹೋಗುವ ನೀರು ನಾವಂದುಕೊಂಡಷ್ಟು ಇರುವುದಿಲ್ಲ. ಮಕ್ಕಳು ವಾಂತಿ ಮಾಡುವುದು ಹೆಚ್ಚಾಗಿ ಹೊಟ್ಟೆಗೆ ಕುಡಿದ ನೀರನ್ನು. ಆದರೆ ಸ್ವಲ್ಪ ನೀರೂ ತೊಂದರೆ ಕೊಡುತ್ತದೆ. ಶ್ವಾಸಕೋಶದ ಪುಟ್ಟ ಗಾಳಿಚೀಲಗಳ ಒಳಗೆ ಒಂದು ತೆಳು ಲೇಪ ಇದೆ. ಅದು ತೊಳೆದುಹೋದರೆ, ಒದ್ದೆಯಾದ ಪ್ಲಾಸ್ಟಿಕ್ ಚೀಲದ ಎರಡು ಬದಿ ಅಂಟಿಕೊಳ್ಳುವ ಹಾಗೆ, ಚೀಲಗಳು ಮುಚ್ಚಿಕೊಳ್ಳುತ್ತವೆ. ಅಷ್ಟು ಜಾಗದಿಂದ ರಕ್ತಕ್ಕೆ ಆಕ್ಸಿಜನ್ ಸಿಗುವುದಿಲ್ಲ. ಅದಕ್ಕೇ ಎರಡು ದಿನ ಮಾಸ್ಕ್ ಹಾಕಿದ್ದು. ಆ ಲೇಪವನ್ನು ದೇಹ ತಾನೇ ಮತ್ತೆ ಮಾಡಿಕೊಳ್ಳುತ್ತದೆ. ಒಳಹೊಕ್ಕ ನೀರನ್ನೂ ದೇಹವೇ ಹೀರಿಕೊಳ್ಳುತ್ತದೆ. ಮೊದಲ ವಾರದಲ್ಲಿ ಜ್ವರ, ಕೆಮ್ಮು ಬಂದರೆ ನ್ಯುಮೋನಿಯಾ ಇರಬಹುದೇ ಅಂತ ನೋಡಬೇಕಾಗುತ್ತದೆ. ಈಗ ಬರುವ ಕೆಮ್ಮು ಬಹುತೇಕ ಮಾಮೂಲಿ ನೆಗಡಿಯದ್ದು. ಉಸಿರಾಡುವಾಗ ಪಕ್ಕೆ ಒಳಗೆ ಹೋಗುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಿರುವುದು, ಇವು ಯಾವ ಮಗುವಿಗೆ ಬಂದರೂ ಓಡಬೇಕಾದ ಲಕ್ಷಣಗಳೇ. ಅದಕ್ಕಾಗಿ ರಾತ್ರಿಯಿಡೀ ಅವನ ಮೂಗಿನ ಹತ್ತಿರ ಕೈ ಹಿಡಿದು ಕೂರಬೇಡಿ.

ನನಗೆ ಶ್ವಾಸಕೋಶಕ್ಕಿಂತ ಮಿದುಳಿನ ವಿಚಾರ ಮುಖ್ಯ. ಮುಳುಗಿದಾಗ ಮೊದಲು ನಿಲ್ಲುವುದು ಉಸಿರು, ಕೆಲವು ನಿಮಿಷದ ನಂತರ ಹೃದಯ. ಆಕ್ಸಿಜನ್ ಇಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. ಹೃದಯ ನಿಲ್ಲುವ ಮೊದಲೇ ಉಸಿರು ಕೊಟ್ಟರೆ ಚೇತರಿಕೆ ತುಂಬ ಚೆನ್ನಾಗಿರುತ್ತದೆ. ನಿಮ್ಮ ಮಗ ದಡದಲ್ಲೇ ಕೆಮ್ಮಿ ಅತ್ತ ಅಂದರೆ ಆ ಯುವಕ ಬಂದದ್ದು ಸರಿಯಾಗಿ ಆ ನಡುವಿನ ಹೊತ್ತಿನಲ್ಲಿ ಅಂತ ಕಾಣುತ್ತದೆ. ಮಗ ಮೊದಲಿನಂತೆ ಮಾತಾಡುತ್ತಿದ್ದಾನೆ, ಆಡುತ್ತಿದ್ದಾನೆ ಅಂದರೆ ಒಳ್ಳೆಯದೇ. ಆದರೂ ಉಸಿರು ನಿಂತಿದ್ದ ಮಗು ಆದ್ದರಿಂದ ಮಕ್ಕಳ ವೈದ್ಯರ ಹತ್ತಿರ ಕೆಲವು ತಿಂಗಳಿಗೊಮ್ಮೆ ತೋರಿಸಿ. ನೆನಪು, ಗಮನ ಇವುಗಳಲ್ಲಿ ಸಣ್ಣ ವ್ಯತ್ಯಾಸ ಇದ್ದರೆ ಶಾಲೆ ಶುರುವಾದ ಮೇಲೇ ಗೊತ್ತಾಗುವುದುಂಟು. ಹೆದರಿಸಲು ಹೇಳುತ್ತಿಲ್ಲ, ಆಗ ಟೀಚರ್‌ಗೆ ಈ ವಿಷಯ ತಿಳಿದಿರಲಿ ಅಂತ ಅಷ್ಟೇ.

ಸ್ನಾನದ ಗಲಾಟೆಗೆ ಬಲವಂತ ಮದ್ದಲ್ಲ. ಕೆಲವು ದಿನ ಒದ್ದೆ ಬಟ್ಟೆಯಲ್ಲಿ ಮೈ ಒರೆಸಿದರೆ ಏನೂ ಆಗುವುದಿಲ್ಲ. ಅವನ ಕೈಗೇ ಮಗ್ ಕೊಡಿ, ಗೊಂಬೆಗೆ ಸ್ನಾನ ಮಾಡಿಸಲಿ, ಆಮೇಲೆ ತನ್ನ ಕಾಲಿಗೆ ತಾನೇ ಸುರಿದುಕೊಳ್ಳಲಿ. ತಲೆಗೆ ನೀರು ಕೊನೆಗೆ. ಗೊಂಬೆಯನ್ನು ಮುಳುಗಿಸಿ ಎತ್ತುವ ಆಟ ಆಡಿದರೆ ಗಾಬರಿಯಾಗಿ ತಡೆಯಬೇಡಿ. ಆದದ್ದನ್ನು ಮಕ್ಕಳು ಅರಗಿಸಿಕೊಳ್ಳುವ ದಾರಿ ಅದು. ಹಾಸಿಗೆ ಒದ್ದೆ ಮಾಡುವುದು, ಸೆರಗು ಬಿಡದಿರುವುದೂ ಸಹಜ. ಒಂದು ತಿಂಗಳು ದಾಟಿಯೂ ಕೆಟ್ಟ ಕನಸು, ಭಯ ಕಡಿಮೆಯಾಗದಿದ್ದರೆ ಮಕ್ಕಳ ಮನಶ್ಶಾಸ್ತ್ರಜ್ಞರನ್ನು ಕಾಣಿ. ನಿಮಗೂ ನಿದ್ದೆ ಬರುತ್ತಿಲ್ಲ ಅಲ್ವಾ? ಅದೇ ಮಾತು ನಿಮಗೂ ಸೇರಿತು.

ಈಗ ಮಗಳ ವಿಷಯ. ನಿಮ್ಮ ಪತ್ರ ಓದಿ ನನಗೆ ಜಾಸ್ತಿ ಕಾಡಿದವಳು ಅವಳೇ. ಅವಳನ್ನು ಒಬ್ಬಳನ್ನೇ ಕೂರಿಸಿಕೊಂಡು ನೇರವಾಗಿ ಹೇಳಿ: "ತಮ್ಮನನ್ನು ನೋಡಿಕೊಳ್ಳುವುದು ನಿನ್ನ ಕೆಲಸ ಆಗಿರಲಿಲ್ಲ. ಅದು ದೊಡ್ಡವರ ಕೆಲಸ. ನಿನಗೆ ಹೇಳಿದ್ದು ನನ್ನ ತಪ್ಪು." ಒಮ್ಮೆ ಹೇಳಿದರೆ ಸಾಲದು, ಆಗಾಗ ಹೇಳಬೇಕು. ಮನೆಗೆ ಬಂದವರ ಮುಂದೆ "ಅವಳಿಗೆ ಹೇಳಿದ್ದೆವು, ಆಟದಲ್ಲಿ ಮೈಮರೆತಳು" ಅನ್ನುವ ಮಾತು ಇನ್ನು ಯಾರ ಬಾಯಿಂದಲೂ ಬರಬಾರದು, ಅಜ್ಜಿಯ ಬಾಯಿಂದಲೂ. ನಿಜ ಹೇಳಬೇಕೆಂದರೆ ಅವಳು ಅಲ್ಲೇ ನಿಂತಿದ್ದರೂ ಗೊತ್ತಾಗುತ್ತಿರಲಿಲ್ಲವೋ ಏನೋ. ಮುಳುಗುವ ಮಗು ಕೂಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಇರುವಾಗ ಉಸಿರಿಗೇ ಬಿಡುವಿಲ್ಲ, ಕೂಗುವುದೆಲ್ಲಿಂದ ಬಂತು? ಕೈ ಬೀಸುವುದೂ ಇಲ್ಲ. ಒಂದು ನಿಮಿಷದೊಳಗೆ ಸದ್ದಿಲ್ಲದೆ ಕೆಳಗೆ ಹೋಗಿಬಿಡುತ್ತದೆ. ತುಂಬ ಜನ ಇರುವ ಕಡೆ ಇನ್ನೊಂದು ತಾಪತ್ರಯ, ಪ್ರತಿಯೊಬ್ಬರೂ ಬೇರೆಯವರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನೀರಿನ ಹತ್ತಿರ ಸೇರಿದಾಗ ಒಬ್ಬ ದೊಡ್ಡವರ ಹೆಸರು ಹೇಳಿ, "ಇನ್ನು ಇಪ್ಪತ್ತು ನಿಮಿಷ ನಿಮ್ಮ ಪಾಳಿ" ಅಂತ ಒಪ್ಪಿಸಿ. ಆ ಹೊತ್ತು ಅವರು ಫೋನ್ ಮುಟ್ಟಬಾರದು, ಹರಟೆಗೂ ಕೂರಬಾರದು.

ಕಾಪಾಡಿದವರು ಫೋನ್ ಎತ್ತದಿರುವುದನ್ನು ಅಹಂಕಾರ ಅಂತಲೋ ಬೇಸರ ಅಂತಲೋ ತಿಳಿಯಬೇಡಿ. ಅವರ ಕೈಯಲ್ಲಿ ಒಂದು ಮಗು ನೀಲಿಯಾಗಿ, ಉಸಿರಿಲ್ಲದೆ ಇತ್ತು. ಹೀಗೆ ಜೀವ ಉಳಿಸಿದ ಎಷ್ಟೋ ಜನರಿಗೆ ಆಮೇಲೆ ನಿದ್ದೆ ಬರುವುದಿಲ್ಲ. ಎಲ್ಲರೂ ಹೊಗಳುತ್ತಾರೆ, ಅವರಿಗೆ ಆ ಮುಖವೇ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ಕಣ್ಣೀರು ಎದುರಿಸುವ ಶಕ್ತಿ ಅವರಿಗೆ ಸದ್ಯ ಇಲ್ಲದಿರಬಹುದು. ಒಂದೇ ಒಂದು ಮೆಸೇಜ್ ಕಳಿಸಿ: ಮಗ ಚೆನ್ನಾಗಿದ್ದಾನೆ, ಡಾಕ್ಟರು ಹೀಗೆ ಹೇಳಿದರು, ಉತ್ತರ ಬರೆಯಬೇಕಿಲ್ಲ. ಜೊತೆಗೆ ಮಗ ಓಡುವ, ನಗುವ ಒಂದು ಪುಟ್ಟ ವಿಡಿಯೊ. ದುಡ್ಡಿಗಿಂತ ಅದು ಅವರಿಗೆ ದೊಡ್ಡದು, ಯಾಕೆಂದರೆ ಅವರು ಕೊನೆಗೆ ನೋಡಿದ ಚಿತ್ರ ಬೇರೆ. ಅವರು ತಾವಾಗಿ ಬಂದರೆ ಮನೆಗೆ ಕರೆದು ಊಟ ಹಾಕಿ. ಸನ್ಮಾನ, ಶಾಲು, ಫೋಟೊ ಅಂತ ಅವರನ್ನು ಕೇಳದೆ ಏನೂ ಇಟ್ಟುಕೊಳ್ಳಬೇಡಿ.

ಮಗನ ತಲೆಯ ಮೇಲೆ ಈ ಋಣ ಹೊರಿಸಬೇಡಿ. "ಆ ಅಣ್ಣ ಇಲ್ಲದಿದ್ದರೆ ನೀನು ಇರುತ್ತಿರಲಿಲ್ಲ" ಅಂತ ಹಟ ಮಾಡಿದಾಗಲೆಲ್ಲ ನೆನಪಿಸುವ ಮನೆಗಳನ್ನು ನೋಡಿದ್ದೇನೆ. ನಾಲ್ಕು ವರ್ಷದವನಿಗೆ "ನೀನು ನೀರಿಗೆ ಬಿದ್ದೆ, ಒಬ್ಬ ಅಣ್ಣ ಎತ್ತಿದರು, ಡಾಕ್ಟರು, ನರ್ಸ್ ವಾಸಿ ಮಾಡಿದರು" ಅಂದರೆ ಸಾಕು. ವಾರ್ಡಿನ ನರ್ಸ್‌ಗಳಿಗೂ ಎರಡು ಸಾಲು ಬರೆಯಿರಿ. ಮನೆಗೆ ಹೋದ ಮಗು ಆಮೇಲೆ ಹೇಗಿದೆ ಅಂತ ನಮಗೆ ತಿಳಿಯುವುದೇ ಅಪರೂಪ. ಇನ್ನೂ ಏನಾದರೂ ಮಾಡಲೇಬೇಕು ಅನಿಸಿದರೆ ಮನೆಯ ದೊಡ್ಡವರೆಲ್ಲ ಸಿಪಿಆರ್, ಅಂದರೆ ಉಸಿರು ನಿಂತವರಿಗೆ ಬಾಯಿಂದ ಗಾಳಿ ಊದಿ ಎದೆ ಒತ್ತುವ ವಿಧಾನ, ಕಲಿಯಿರಿ. ಕೆಲವು ಗಂಟೆಯ ತರಬೇತಿ. ಕಲಿತ ಮೇಲೆ ಅದನ್ನೂ ಅವರಿಗೆ ತಿಳಿಸಿ.

ಪ್ರಶ್ನೆ: ಮುಳುಗಿದ ಮಗುವನ್ನು ತಲೆಕೆಳಗಾಗಿ ಹಿಡಿದು, ಹೊಟ್ಟೆ ಒತ್ತಿ ನೀರು ತೆಗೆಯಬೇಕು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಎದೆ ಒತ್ತಿದರೆ ಸಾಕು ಅಂತ ಇನ್ನು ಕೆಲವರು. ಯಾವುದು ಸರಿ?

ಉತ್ತರ: ಎರಡೂ ಅಲ್ಲ. ತಲೆಕೆಳಗೆ ಹಿಡಿದರೆ, ಹೊಟ್ಟೆ ಒತ್ತಿದರೆ ಹೊಟ್ಟೆಯ ನೀರು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಅಮೂಲ್ಯವಾದ ಸಮಯವೂ ಹಾಳು. ಬರೀ ಎದೆ ಒತ್ತುವುದು ದೊಡ್ಡವರಿಗೆ ಇದ್ದಕ್ಕಿದ್ದಂತೆ ಹೃದಯ ನಿಂತಾಗ ನಡೆಯುತ್ತದೆ, ಯಾಕೆಂದರೆ ಅವರ ರಕ್ತದಲ್ಲಿ ಇನ್ನೂ ಆಕ್ಸಿಜನ್ ಇರುತ್ತದೆ. ಮುಳುಗಿದವರಲ್ಲಿ ಅದು ಖಾಲಿಯಾಗಿರುತ್ತದೆ. ಅವರಿಗೆ ಮೊದಲು ಬೇಕಾದದ್ದು ಉಸಿರು.

ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ. ಉಸಿರಾಡುತ್ತಿದ್ದರೆ ಪಕ್ಕಕ್ಕೆ ಹೊರಳಿಸಿ. ಉಸಿರಿಲ್ಲದಿದ್ದರೆ ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಮುಚ್ಚಿ, ಎದೆ ಏಳುವಷ್ಟು 5 ಸಲ ಗಾಳಿ ಊದಿ. ಎರಡು ಸಲ ಅಂತ ಕಲಿಸುವವರೂ ಇದ್ದಾರೆ, ಜಗಳ ಬೇಡ, ಊದುವುದು ಮುಖ್ಯ. ಕೂಸಾದರೆ ಬಾಯಿ, ಮೂಗು ಎರಡನ್ನೂ ನಿಮ್ಮ ಬಾಯಿಂದ ಮುಚ್ಚಿ ಊದಬೇಕು. ಚಲನೆ ಇಲ್ಲದಿದ್ದರೆ ಎದೆಯ ನಡುವೆ 30 ಸಲ ಒತ್ತಿ, 2 ಸಲ ಊದಿ, ಮತ್ತೆ ಒತ್ತಿ. ನಿಮಿಷಕ್ಕೆ 100ರಿಂದ 120ರ ವೇಗ, ಎದೆಯ ದಪ್ಪದ ಮೂರನೇ ಒಂದು ಭಾಗದಷ್ಟು ಆಳ. ಬಾಯಲ್ಲಿ ನೊರೆ ಬಂದರೆ ಒರೆಸುತ್ತ ಕೂರಬೇಡಿ. ವಾಂತಿ ಬಂದರೆ ಪಕ್ಕಕ್ಕೆ ಹೊರಳಿಸಿ, ಬಾಯಿ ಒರೆಸಿ, ಮುಂದುವರಿಸಿ. ಆಂಬುಲೆನ್ಸ್‌ಗೆ ಬೇರೆಯವರು ಫೋನ್ ಮಾಡಲಿ. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರ್‌ಗೆ ಹಾಕಿ ಪಕ್ಕದಲ್ಲಿಡಿ, ಕೈ ನಿಲ್ಲಿಸಬೇಡಿ. ಎದ್ದು ಕೂತು ಮಾತಾಡಿದರೂ ಆಸ್ಪತ್ರೆಗೆ ಹೋಗಲೇಬೇಕು.

ಈಜು ಬಾರದವರು ನೀರಿಗೆ ಹಾರಬೇಡಿ. ಒಬ್ಬರನ್ನು ಉಳಿಸಲು ಹೋಗಿ ಮನೆಮಂದಿ ಸಾಲಾಗಿ ಮುಳುಗುವುದು ಹೀಗೇ. ಕೋಲು ಚಾಚಿ, ಹಗ್ಗ ಎಸೆಯಿರಿ, ಏನೂ ಇಲ್ಲದಿದ್ದರೆ ಮುಚ್ಚಳ ಬಿಗಿದ ಖಾಲಿ ಕ್ಯಾನ್ ಎಸೆಯಿರಿ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ತೋಳಿಗೆ ಹಾಕುವ ಗಾಳಿಪಟ್ಟಿ ತಂದಿದ್ದೇವೆ. ಈಜು ತರಗತಿಗೂ ಸೇರಿಸಿದ್ದೇವೆ. ಇನ್ನು ನಿಶ್ಚಿಂತೆ ಅಲ್ವಾ?

ಉತ್ತರ: ಅಲ್ಲ. ಗಾಳಿಪಟ್ಟಿ ಆಟದ ಸಾಮಾನು. ಜಾರುತ್ತದೆ, ಗಾಳಿ ಹೋಗುತ್ತದೆ. ದೋಣಿಗೆ, ಕೆರೆಗೆ ಹೋಗುವಾಗ ಅವಳ ತೂಕಕ್ಕೆ ಸರಿಹೊಂದುವ ಲೈಫ್ ಜಾಕೆಟ್ ಹಾಕಿಸಿ. ಈಜು ಕಲಿಸುವುದು ಖಂಡಿತ ಒಳ್ಳೆಯದು, ಒಂದು ವರ್ಷ ದಾಟಿದ ಮಕ್ಕಳಿಗೂ ಅದರಿಂದ ಅಪಾಯ ಕಡಿಮೆಯಾಗಬಹುದು. ಆದರೆ ಈ ವಯಸ್ಸಿನ ಮಗು ನೀರಲ್ಲಿರುವಾಗ ನಿಮ್ಮ ಕೈಗೆ ಸಿಗುವಷ್ಟು ಹತ್ತಿರವೇ ಇರಬೇಕು. ಮನೆಯ ಬಕೆಟ್, ಟಬ್‌ಗಳನ್ನು ಬಳಸಿದ ತಕ್ಷಣ ಚೆಲ್ಲಿ ಬೋರಲು ಹಾಕಿ. ಅಂಬೆಗಾಲಿಡುವ ತಮ್ಮನೋ ತಂಗಿಯೋ ಇದ್ದರಂತೂ ಗೇಣು ನೀರೂ ಬಿಡಬೇಡಿ.