ದಸರಾ ದೀಪಾಲಂಕಾರದ ವಿಡಿಯೋ ಮತ್ತು ರಾತ್ರಿ ಫೋಟೋಗೆ ಯಾವ ಕ್ಯಾಮೆರಾ, ಯಾವ ಲೆನ್ಸ್ ಕೊಳ್ಳಬೇಕು?

ಮಂಡ್ಯದಲ್ಲಿದ್ದೀರಿ, ಒಂದೂವರೆ ಲಕ್ಷ ಕೂಡಿಟ್ಟಿದ್ದೀರಿ, ಉಳಿದದ್ದಕ್ಕೆ ಕಂತು ಕಟ್ಟಿಯಾದರೂ ಕತ್ತಲೆಯಲ್ಲಿ ಚೆನ್ನಾಗಿ ಕಾಣುವ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾ, ಎಫ್ 1.4 ಲೆನ್ಸ್ (ಎಫ್ ಅಂಕಿ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು), ಕೈಯ ಅಲುಗಾಟ ತಡೆಯುವ ಒಂದು ಗಿಂಬಲ್ ತೆಗೆದುಕೊಳ್ಳಬೇಕು ಎಂದಿದ್ದೀರಿ. ಓದಿ ನಗು ಬಂತು, ಸಂಕಟವೂ ಆಯಿತು. ಹಿಂದೊಮ್ಮೆ ನಾನು ಬರೆದಿಟ್ಟುಕೊಂಡಿದ್ದ ಪಟ್ಟಿಯೂ ಇದೇ. ದಸರಾ ರಾತ್ರಿಯ ಮೈಸೂರಿನಲ್ಲಿ ಕತ್ತಲೆ ಎಲ್ಲಿದೆ ಸ್ವಾಮಿ? ಅಲ್ಲಿ ನಿಮ್ಮನ್ನು ಕಾಡುವುದು ಬೆಳಕು. ನನ್ನನ್ನು ಕಾಡಿದ್ದೂ ಅದೇ.

ನಾನು ಮೈಸೂರಿನವನು. ಹಗಲು ಲೆಕ್ಕಪತ್ರದ ಕೆಲಸ, ರಜೆಯ ದಿನಗಳಲ್ಲಿ ನಾಮಕರಣ, ನಿಶ್ಚಿತಾರ್ಥಗಳ ವಿಡಿಯೋ. ಒಂದು ದಸರಾಕ್ಕೆ ದೀಪಾಲಂಕಾರದ ಗುತ್ತಿಗೆದಾರರೊಬ್ಬರು ಕರೆದು, ತಾವು ರಸ್ತೆಗೆ ಕಟ್ಟುವ ಕಮಾನುಗಳ ಪುಟ್ಟ ವಿಡಿಯೋ ಮಾಡಿಕೊಡಿ ಎಂದರು. ಅದನ್ನು ತೋರಿಸಿ ಬೇರೆ ಊರುಗಳ ಜಾತ್ರೆ, ಉತ್ಸವಗಳ ಕೆಲಸ ಹಿಡಿಯುವುದು ಅವರ ಉದ್ದೇಶ. ನನಗೆ ಅಷ್ಟು ನೆಪ ಸಾಕಾಗಿತ್ತು. ‘ರಾತ್ರಿ ಕೆಲಸ, ಹಳೆಯ ಕ್ಯಾಮೆರಾದಲ್ಲಿ ಆಗುವುದಿಲ್ಲ’ ಎಂದು ಮನೆಯಲ್ಲಿ ಒಪ್ಪಿಸಿ, ಕಂತಿನ ಮೇಲೆ ಫುಲ್ ಫ್ರೇಮ್ ಬಾಡಿ, 35 ಮಿಲಿಮೀಟರ್ ಎಫ್ 1.4 ಲೆನ್ಸ್ ತಂದೆ.

ಪರೀಕ್ಷಿಸದೆ ಹೋದೆ ಎಂದು ಮಾತ್ರ ತಿಳಿಯಬೇಡಿ. ಒಂದು ಭಾನುವಾರ ಸಂಜೆ ಅರಮನೆಗೆ ಹೋದೆ. ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಾಮಾನ್ಯವಾಗಿ ಏಳು ಗಂಟೆಗೆ ದೀಪ ಹಚ್ಚಿ ಮುಕ್ಕಾಲು ಗಂಟೆ ಬಿಡುತ್ತಾರೆ. ಲಕ್ಷದ ಹತ್ತಿರ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡವು, ಸುತ್ತಲಿನವರೆಲ್ಲ ‘ಹೋ’ ಎಂದರು, ನಾನು ಶಟರ್ ಗುಂಡಿ ಒತ್ತುತ್ತಾ ಹೋದೆ. ಶಟರ್ ವೇಗ ಏರಿಸಿದೆ, ಇಳಿಸಿದೆ, ಏನು ಮಾಡಿದರೂ ವಿಡಿಯೋ ಸ್ವಚ್ಛ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿದರೂ ಒಂದು ಕಲೆಯಿಲ್ಲ. ಕ್ಯಾಮೆರಾ ಸಿದ್ಧವಾಗಿದೆ, ನಾನೂ ಸಿದ್ಧನಾಗಿದ್ದೇನೆ ಎಂದುಕೊಂಡೆ.

ದಸರಾದ ಕೊನೆಯ ರಾತ್ರಿಗಳಲ್ಲಿ ಸಯ್ಯಾಜಿರಾವ್ ರಸ್ತೆಯಲ್ಲಿ, ಕೆ.ಆರ್. ವೃತ್ತದ ಸುತ್ತ ಕೆಲಸ ಮಾಡಿದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಲ್ಲವೂ ಸೊಗಸು. ವಿಜಯದಶಮಿ ಮುಗಿದು, ಮನೆಗೆ ಬಂದಿದ್ದ ನೆಂಟರು ಹೊರಟ ಮೇಲೆ ದೊಡ್ಡ ಪರದೆಯಲ್ಲಿ ನೋಡಿದರೆ, ಪ್ರತಿಯೊಂದು ದೃಶ್ಯದಲ್ಲೂ ಅಡ್ಡಡ್ಡ ಕಪ್ಪು ಪಟ್ಟಿಗಳು ಮೆಲ್ಲಗೆ ತೆವಳುತ್ತಿವೆ. ಕಮಾನಿನ ದೀಪಗಳು ಕೆಟ್ಟುಹೋದ ಟ್ಯೂಬ್‌ಲೈಟಿನಂತೆ ಮಿಣುಕುತ್ತಿವೆ. ಗುತ್ತಿಗೆದಾರರು ನೋಡಿ, ಸಿಟ್ಟನ್ನೂ ಮಾಡಿಕೊಳ್ಳದೆ, ‘ಸಾರ್, ಇದನ್ನು ಯಾರಿಗಾದರೂ ತೋರಿಸಿದರೆ ನನ್ನ ದೀಪವೇ ಸರಿಯಿಲ್ಲ ಎನ್ನುತ್ತಾರೆ’ ಎಂದರು. ಅಷ್ಟರಲ್ಲಿ ಕಮಾನು ಬಿಚ್ಚುವ ಕೆಲಸ ಶುರುವಾಗಿತ್ತು. ಮಿಣುಕು ತೆಗೆಯುವ ಸಾಫ್ಟ್‌ವೇರುಗಳನ್ನೂ ಹಚ್ಚಿ ನೋಡಿದೆ. ಪಟ್ಟಿ ಮಸುಕಾಯಿತು, ಜೊತೆಗೆ ಜನರ ಮುಖಗಳೂ ಮಸುಕಾದವು. ಹಣ ಬರಲಿಲ್ಲ, ಕಂತು ನಿಲ್ಲಲಿಲ್ಲ.

ಏನಾಗಿತ್ತು ಎಂಬುದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಸರಿಸಬೇಡಿ. ಯಾವ ಅಂಗಡಿಯವನೂ ಇದನ್ನು ನಿಮಗೆ ಹೇಳುವುದಿಲ್ಲ.

ನಮ್ಮ ವಿದ್ಯುತ್ 50 ಹರ್ಟ್ಸ್‌ನದು. ಒಂದು ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುವುದರಿಂದ, ಅದಕ್ಕೆ ಕಟ್ಟಿದ ಅಗ್ಗದ ಎಲ್‌ಇಡಿ ಸರಗಳು ಸೆಕೆಂಡಿಗೆ 100 ಸಲ ಬೆಳಗಿ ಮಂಕಾಗುತ್ತವೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ. ಆದರೆ ನಾವೆಲ್ಲ ಕೊಳ್ಳುವ ಮಟ್ಟದ ಕ್ಯಾಮೆರಾಗಳ ಸೆನ್ಸರ್ ವಿಡಿಯೋ ತೆಗೆಯುವಾಗ ಇಡೀ ಚಿತ್ರವನ್ನು ಒಂದೇ ಕ್ಷಣಕ್ಕೆ ಹಿಡಿಯುವುದಿಲ್ಲ. ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತಾ ಬರುತ್ತದೆ. ಶಟರ್ 1/50ರಲ್ಲಿದ್ದರೆ, ಅಂದರೆ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ, ಪ್ರತಿ ಸಾಲಿಗೂ ಸರಿಯಾಗಿ ಎರಡು ಮಿಣುಕಿನ ಬೆಳಕು ಸಿಗುತ್ತದೆ. 1/100ರಲ್ಲಿದ್ದರೆ ಸರಿಯಾಗಿ ಒಂದು. ಎಲ್ಲ ಸಾಲಿಗೂ ಸಮಪಾಲು, ಜಗಳವಿಲ್ಲ. ಶಟರನ್ನು 1/500ಕ್ಕೆ ಏರಿಸಿದಿರೋ, ಒಂದು ಸಾಲು ದೀಪ ಬೆಳಗಿದ ಕ್ಷಣವನ್ನು ಹಿಡಿಯುತ್ತದೆ, ಇನ್ನೊಂದು ಸಾಲು ಮಂಕಾದ ಕ್ಷಣವನ್ನು. ಅದೇ ಕಪ್ಪು ಪಟ್ಟಿ.

ಅದು ತೆವಳಿದ್ದೇಕೆ? ನಾನು ಸೆಕೆಂಡಿಗೆ 30 ಫ್ರೇಮಿನಲ್ಲಿ ತೆಗೆಯುತ್ತಿದ್ದೆ. ನೂರನ್ನು ಮೂವತ್ತರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ, ಹಾಗಾಗಿ ಪ್ರತಿ ಫ್ರೇಮಿನಲ್ಲೂ ಪಟ್ಟಿ ಸ್ವಲ್ಪ ಜಾಗ ಬದಲಿಸುತ್ತದೆ. 25 ಫ್ರೇಮಿನಲ್ಲಿ ಲೆಕ್ಕ ಸರಿಯಾಗಿ ನಾಲ್ಕು, ಪಟ್ಟಿ ಇದ್ದರೂ ಇದ್ದಲ್ಲೇ ಇರುತ್ತದೆ. ನನಗೆ 30 ಎಂದು ಹೇಳಿಕೊಟ್ಟವರು ಯೂಟ್ಯೂಬಿನ ಅಮೆರಿಕದ ಗುರುಗಳು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ; ಅವರ ದೇಶದ ವಿದ್ಯುತ್ 60 ಹರ್ಟ್ಸ್‌ನದು, ಅಲ್ಲಿ 30 ಫ್ರೇಮ್, 1/60 ಶಟರ್ ಸರಿಯಾಗಿ ಕೂರುತ್ತದೆ. ಚಾಮುಂಡಿಪುರದಲ್ಲಿ ಕುಳಿತು ಕ್ಯಾಲಿಫೋರ್ನಿಯಾದ ಕರೆಂಟಿಗೆ ಕ್ಯಾಮೆರಾ ಹೊಂದಿಸಿದವನು ನಾನು. ಕ್ಯಾಮೆರಾದ ಮೆನುವಿನಲ್ಲಿ ಎನ್‌ಟಿಎಸ್‌ಸಿ (60 ಹರ್ಟ್ಸ್‌ಗೆ ಹೊಂದುವುದು), ಪಾಲ್ (50 ಹರ್ಟ್ಸ್‌ಗೆ ಹೊಂದುವುದು) ಎಂಬ ಎರಡು ಆಯ್ಕೆ ಇರುತ್ತದೆ. ನಮಗೆ ಬೇಕಾದದ್ದು ಪಾಲ್. ಕೆಲವು ಮಾದರಿಗಳಲ್ಲಿ ಅದನ್ನು ಬದಲಿಸಿದರೆ ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಬೇಕಾಗುತ್ತದೆ, ಆದ್ದರಿಂದ ಮನೆಯಲ್ಲೇ ಬದಲಿಸಿಕೊಂಡು ಹೊರಡಿ.

ಹಾಗಾದರೆ ಅರಮನೆಯಲ್ಲಿ ಏಕೆ ಕಾಣಲಿಲ್ಲ? ಅರಮನೆಗೆ ಹಾಕಿರುವುದು ಹಳೆಯ ಕಾಲದ ತಂತಿಯ ಬಲ್ಬುಗಳು. ಒಲೆಯಿಂದ ಇಳಿಸಿದ ಕಾವಲಿ ಕ್ಷಣದಲ್ಲಿ ತಣ್ಣಗಾಗುವುದಿಲ್ಲವಲ್ಲ, ಹಾಗೆಯೇ ಕಾದ ತಂತಿಯೂ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಆರುವುದಿಲ್ಲ. ಬೆಳಕು ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಎಲ್‌ಇಡಿಗೆ ಆ ದಾಕ್ಷಿಣ್ಯವಿಲ್ಲ. ನಾನು ಪರೀಕ್ಷೆ ಮಾಡಿದ್ದೇ ಮೋಸಹೋಗುವ ಜಾಗದಲ್ಲಿ. ನಿಮಗೆ ಪರೀಕ್ಷೆ ಮಾಡಬೇಕಿದ್ದರೆ ಅರಮನೆಯವರೆಗೆ ಬರುವುದೇ ಬೇಡ, ನಿಮ್ಮೂರಿನ ಯಾವುದಾದರೂ ಬಟ್ಟೆ ಅಂಗಡಿಯ ಮುಂದಿನ ಎಲ್‌ಇಡಿ ಸರ ಸಾಕು. ಕ್ಯಾಮೆರಾ ಕೂಡ ಬೇಡ, ಮೊಬೈಲಿನ ಪ್ರೊ ವಿಡಿಯೋ ಮೋಡ್‌ನಲ್ಲಿ ಶಟರ್ 1/500 ಇಟ್ಟು ನೋಡಿ, ಆಮೇಲೆ 1/50 ಇಟ್ಟು ನೋಡಿ.

ಈಗ ಅಸಲು ಪ್ರಶ್ನೆ. ರಾತ್ರಿ ಹೊತ್ತು 1/500 ಶಟರ್ ಯಾವ ಬುದ್ಧಿವಂತ ಇಡುತ್ತಾನೆ? ಕತ್ತಲೆಯ ಸಾಮಾನು ಕೊಂಡವನು ಇಡುತ್ತಾನೆ. ಬಣ್ಣ ಆಮೇಲೆ ತಿದ್ದೋಣ ಎಂದು ಲಾಗ್ ಎಂಬ ಮಂಕು ಬಣ್ಣದ ಮೋಡ್‌ನಲ್ಲಿ ತೆಗೆಯುತ್ತಿದ್ದೆ. ನನ್ನ ಕ್ಯಾಮೆರಾದಲ್ಲಿ ಲಾಗ್ ಹಾಕಿದರೆ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 800ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಲೆನ್ಸ್ ಎಫ್ 1.4ರಲ್ಲಿ ಬಾಯಿ ತೆರೆದುಕೊಂಡಿದೆ. ಎದುರಿಗೆ ರಸ್ತೆಯುದ್ದಕ್ಕೂ ದೀಪದ ಚಪ್ಪರ. ಪರದೆ ಬೆಳ್ಳಗೆ ಸುಟ್ಟುಹೋಗಿತ್ತು, ಅದಕ್ಕೇ ಶಟರ್ ಏರಿಸುತ್ತಾ ಹೋದೆ. ಅಪರ್ಚರನ್ನು, ಅಂದರೆ ಲೆನ್ಸಿನ ಬಾಯನ್ನು, ಎಫ್ 4ಕ್ಕೆ ಇಳಿಸಿದ್ದರೆ ಬೆಳಕು ಎಂಟನೇ ಒಂದು ಪಾಲಿಗೆ ಬರುತ್ತಿತ್ತು, ಶಟರ್ 1/50ರ ಹತ್ತಿರವೇ ಉಳಿಯುತ್ತಿತ್ತು, ಕಥೆಯೇ ಇರುತ್ತಿರಲಿಲ್ಲ. ಇಳಿಸಲಿಲ್ಲ. ಎಫ್ 1.4 ಎಂಬ ಅಂಕಿಗೆ ಅಷ್ಟು ಹಣ ಸುರಿದಿದ್ದೇನೆ, ಎಫ್ 4ರಲ್ಲಿ ತೆಗೆಯುವುದಾದರೆ ಹಳೆಯ ಲೆನ್ಸೇ ಇತ್ತಲ್ಲ ಎಂಬ ಜಿಪುಣತನ. ಹಿಂದೆ ದೀಪಗಳು ಉರುಟುರುಟಾಗಿ ಮಸುಕಾಗಬೇಕು ಎಂಬ ಶೋಕಿ ಬೇರೆ. ದೀಪಾಲಂಕಾರದ ವಿಡಿಯೋದಲ್ಲಿ ದೀಪವನ್ನೇ ಮಸುಕು ಮಾಡಿ ಯಾರಿಗೆ ತೋರಿಸುತ್ತೇವೆ?

ಆದ್ದರಿಂದ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಈ ದಸರಾಕ್ಕೆ ಕ್ಯಾಮೆರಾ ಕೊಳ್ಳಬೇಡಿ. ಬಾಡಿಗೆಗೆ ತನ್ನಿ. ಕೊಳ್ಳಲೇಬೇಕು ಎಂಬ ಹಟವಿದ್ದರೆ ನಾಲ್ಕೈದು ವರ್ಷ ಹಳೆಯ ಎಪಿಎಸ್-ಸಿ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಬಾಡಿ ನೋಡಿ. ಸೋನಿಯೋ ಕ್ಯಾನನ್ನೋ ಫ್ಯೂಜಿಯೋ ಎಂದು ತಲೆ ಕೆಡಿಸಿಕೊಳ್ಳುವುದು ಬೇಡ, ನಿಮ್ಮ ಸ್ನೇಹಿತರಲ್ಲಿ ಯಾರ ಬಳಿ ಯಾವ ಮೌಂಟಿನ ಲೆನ್ಸ್ ಇದೆಯೋ ಅದನ್ನೇ ತೆಗೆದುಕೊಳ್ಳಿ, ಸಾಲ ಕೇಳಬಹುದು. ಫುಲ್ ಫ್ರೇಮ್ ಸೆನ್ಸರಿನಿಂದ ಸಿಗುವ ಲಾಭ ಒಂದು ಸ್ಟಾಪಿಗಿಂತ, ಅಂದರೆ ದುಪ್ಪಟ್ಟು ಬೆಳಕಿಗಿಂತ, ಸ್ವಲ್ಪ ಹೆಚ್ಚು, ಅಷ್ಟೇ. ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸಿನ ಎಫ್ 5.6 ಬಿಟ್ಟು ಎಫ್ 1.8 ಲೆನ್ಸಿಗೆ ಬಂದರೆ ಸುಮಾರು ಹತ್ತುಪಟ್ಟು ಬೆಳಕು. ಯಾವುದಕ್ಕೆ ಹಣ ಹಾಕಬೇಕು ಎಂದು ನೀವೇ ಲೆಕ್ಕ ಹಾಕಿ. ನನ್ನನ್ನು ಕೇಳಿದರೆ ದಸರಾಕ್ಕೆ ಎಫ್ 2.8ರ 17–50 ಮಿಲಿಮೀಟರಿನಂಥ ಜೂಮ್ ಒಂದೇ ಸಾಕು. ಜಂಬೂ ಸವಾರಿಯ ದಿನ ನಿಂತ ಜಾಗದಿಂದ ಒಂದು ಹೆಜ್ಜೆ ಅಲ್ಲಾಡಲು ಆಗುವುದಿಲ್ಲ, ಜೂಮ್ ಇಲ್ಲದಿದ್ದರೆ ಮುಂದಿನವರ ತಲೆಯ ಚಿತ್ರವೇ ಗತಿ.

ನಿಜವಾದ ಕತ್ತಲೆ ಬೇಕಿದ್ದರೆ ಅದು ನಿಮ್ಮ ಜಿಲ್ಲೆಯಲ್ಲೇ ಇದೆ. ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿ ದೀಪಗಳ ಬೆಳಕಿನಿಂದ ಒಂದಿಷ್ಟು ಸರಿದರೆ ಎಫ್ 1.8 ಲೆನ್ಸಿಗೂ ಐಎಸ್‌ಒ ಏರಿಸಬೇಕಾಗುತ್ತದೆ. ಚೆಲುವನಾರಾಯಣನ ಉತ್ಸವಮೂರ್ತಿ ನಿಮ್ಮ ಟ್ರೈಪಾಡಿಗಾಗಿ ಕಾಯುವುದೂ ಇಲ್ಲ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲೂ ಹಾಗೆಯೇ. ಆದರೆ ಪಂಜಿಗೆ ವಿದ್ಯುತ್ತಿನ ಹಂಗಿಲ್ಲ, ಬೆಂಕಿಯೊಂದೇ ಚೌಕಟ್ಟಿನಲ್ಲಿದ್ದರೆ ಶಟರ್ ಎಷ್ಟಾದರೂ ಇಡಿ, ಪಟ್ಟಿ ಬರುವುದಿಲ್ಲ.

ಸ್ಥಿರಚಿತ್ರಕ್ಕಂತೂ ಟ್ರೈಪಾಡ್ ಮೊದಲು, ಕ್ಯಾಮೆರಾ ಆಮೇಲೆ. ಚಾಮುಂಡಿ ಬೆಟ್ಟದಿಂದ ಊರಿನ ದೀಪ ತೆಗೆಯುವುದಾದರೆ ಐಎಸ್‌ಒ 100, ಎಫ್ 8, ಕೆಲವು ಸೆಕೆಂಡುಗಳ ಶಟರ್, ಎರಡು ಸೆಕೆಂಡಿನ ಟೈಮರ್, ಅಲುಗಾಟ ತಡೆಯುವ ಸೌಲಭ್ಯ ಬಂದ್. ಹತ್ತು ವರ್ಷ ಹಳೆಯ ಕ್ಯಾಮೆರಾ ಕೂಡ ಇದನ್ನು ಮಾಡುತ್ತದೆ.

ಅರಮನೆಯ ಒಳ್ಳೆಯ ಚಿತ್ರ ಬೇಕಿದ್ದರೆ ದಸರಾವನ್ನೇ ಮರೆತುಬಿಡಿ ಎನ್ನುತ್ತೇನೆ, ಮೈಸೂರಿನವರು ಬೈದುಕೊಳ್ಳಲಿ. ಅಕ್ಟೋಬರಿನಲ್ಲಿ ಸೂರ್ಯ ಆರು ಗಂಟೆ ದಾಟುತ್ತಲೇ ಮುಳುಗುತ್ತಾನೆ, ಏಳಕ್ಕೆ ಆಕಾಶ ಮಸಿ ಬಳಿದಂತೆ ಇರುತ್ತದೆ. ಜೂನ್ ಕೊನೆ, ಜುಲೈನಲ್ಲಿ ಮುಳುಗುವುದು 6.50ರ ಸುಮಾರಿಗೆ. ಏಳಕ್ಕೆ ದೀಪ ಹೊತ್ತಿದಾಗ ಗೋಪುರಗಳ ಹಿಂದೆ ಇನ್ನೂ ನೀಲಿ ಇರುತ್ತದೆ, ಸಂಜೆ ಮಳೆ ಬಂದು ನಿಂತಿದ್ದರೆ ನೆಲದಲ್ಲಿ ಪ್ರತಿಬಿಂಬವೂ ಸಿಗುತ್ತದೆ. ಆ ನೀಲಿ ಉಳಿಯುವುದು ಮೊದಲ ಹತ್ತು ಹದಿನೈದು ನಿಮಿಷ ಮಾತ್ರ, ಅಷ್ಟರಲ್ಲಿ ಮುಗಿಸಿಕೊಳ್ಳಿ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಡದೆ 3000 ಕೆಲ್ವಿನ್ ಆಸುಪಾಸಿನಲ್ಲಿ ನಿಲ್ಲಿಸಿ, ಬಲ್ಬುಗಳು ಸುಟ್ಟುಹೋಗದ ಹಾಗೆ ಎಕ್ಸ್‌ಪೋಷರ್ ತಗ್ಗಿಸಿ. ನೆರಳಿನ ಭಾಗವನ್ನು ರಾ ಫೈಲಿನಿಂದ (ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ಚಿತ್ರದಿಂದ) ಎತ್ತಬಹುದು, ಸುಟ್ಟ ಬಲ್ಬನ್ನು ಎತ್ತಲಾಗುವುದಿಲ್ಲ.

ಲೆನ್ಸಿನ ರಕ್ಷಣೆಗೆಂದು ಅಂಗಡಿಯವರು ಅಗ್ಗದ ಯುವಿ ಫಿಲ್ಟರ್ ಹಚ್ಚಿಕೊಡುತ್ತಾರೆ. ರಾತ್ರಿ ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಇಲ್ಲದಿದ್ದರೆ ದೀಪದ ಸಾಲುಗಳು ಆ ಗಾಜಿನಲ್ಲಿ ಪ್ರತಿಫಲಿಸಿ ಕಪ್ಪು ಆಕಾಶದಲ್ಲಿ ತಲೆಕೆಳಗಾದ ಇನ್ನೊಂದು ಅರಮನೆ ಮೂಡುತ್ತದೆ.

ವೇದಿಕೆಯ ದೊಡ್ಡ ಎಲ್‌ಇಡಿ ಪರದೆಗಳ ವಿಷಯ ಬೇರೆ. ಅವು ಮಿಣುಕುವ ವೇಗ ಮನೆಯ ವಿದ್ಯುತ್ತಿಗೆ ಕಟ್ಟುಬಿದ್ದಿರುವುದಿಲ್ಲ, 1/50 ಇಟ್ಟರೂ ಕೆಲವೊಮ್ಮೆ ಪಟ್ಟಿ ಬರುತ್ತದೆ. ಶಟರನ್ನು ದಶಾಂಶದ ಲೆಕ್ಕದಲ್ಲಿ ತಿದ್ದುವ ಸೌಲಭ್ಯ ಕೆಲವು ಹೊಸ ಕ್ಯಾಮೆರಾಗಳಲ್ಲಿದೆ; ಹೊಸತು ಕೊಳ್ಳಲು ನಾನು ಒಪ್ಪುವ ಕಾರಣ ಅದೊಂದೇ. ಅದೂ ನೀವು ಆರ್ಕೆಸ್ಟ್ರಾಗಳ ವಿಡಿಯೋ ಮಾಡಿ ಹಣ ಗಳಿಸುವವರಾಗಿದ್ದರೆ.

ಗಿಂಬಲ್ ಖಂಡಿತ ಬೇಡ. ದಸರಾ ರಾತ್ರಿ ಸಯ್ಯಾಜಿರಾವ್ ರಸ್ತೆಯಲ್ಲಿ ನಾವು ನಡೆಯುವುದಿಲ್ಲ, ಹಿಂದಿನವರು ತಳ್ಳಿದ ಹಾಗೆ ಸಾಗುತ್ತೇವೆ. ಟ್ರೈಪಾಡಿನ ಕಾಲು ಬಿಚ್ಚಲೂ ಜಾಗವಿರುವುದಿಲ್ಲ. ಒಂಟಿ ಕಾಲಿನ ಮೊನೊಪಾಡ್ ತನ್ನಿ, ಯಾವುದಾದರೂ ಅಂಗಡಿಯ ಮೆಟ್ಟಿಲು ಹಿಡಿದು ನಿಲ್ಲಿ, ಜನ ನಿಮ್ಮ ಮುಂದೆ ಹರಿದುಹೋಗಲಿ. ಬಾಡಿಗೆಯ ಕ್ಯಾಮೆರಾಕ್ಕೆ ಎರಡು ಬ್ಯಾಟರಿ ಕೇಳಿ ಪಡೆಯಿರಿ. ನವರಾತ್ರಿ ಶುರುವಾದ ಮೇಲೆ ಹೋದರೆ ಎಲ್ಲರೂ ‘ಖಾಲಿ ಇಲ್ಲ’ ಎನ್ನುತ್ತಾರೆ, ಮಹಾಲಯ ಅಮಾವಾಸ್ಯೆಗೆ ಮುಂಚೆಯೇ ಮಾತಾಡಿ ಮುಂಗಡ ಕೊಟ್ಟಿಡಿ.