ವಯಸ್ಸಾದ ಲ್ಯಾಬ್ರಡಾರ್‌ಗೆ ಕೀಲುನೋವು: ಡೋಲೋ ಕೊಡಬಹುದಾ?

ನೀವು ಕೇಳಿರುವುದು ಎರಡು ವಿಷಯ ಅಲ್ವಾ? ನಿಮ್ಮ 11 ವರ್ಷದ ಲ್ಯಾಬ್ರಡಾರ್ ಬೆಳಗ್ಗೆ ಏಳಲು ಒದ್ದಾಡುತ್ತದೆ, ಡಾಕ್ಟರು ಆರ್ಥ್ರೈಟಿಸ್ ಎಂದಿದ್ದಾರೆ. ಆದರೆ ಅದು ಕುಂಯ್ ಅನ್ನುವುದಿಲ್ಲ, ಊಟವನ್ನೂ ಬಿಟ್ಟಿಲ್ಲ. ಹಾಗಾದರೆ ನಿಜಕ್ಕೂ ನೋವಿದೆಯಾ? ಇದ್ದರೆ ಮನೆಯಲ್ಲಿರುವ ಡೋಲೋನೋ ಕಾಂಬಿಫ್ಲಾಮೋ ಅರ್ಧ ಕೊಡಬಹುದಾ?

ಮಾತ್ರೆಯ ವಿಷಯ ಮೊದಲು ಮುಗಿಸುತ್ತೇನೆ. ಕೊಡಬೇಡಿ. ಅರ್ಧವೂ ಬೇಡ, ಕಾಲೂ ಬೇಡ. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ ಇದೆ. ಅದು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಜಾಸ್ತಿಯಾದರೆ ಕಿಡ್ನಿಯನ್ನೂ ಕೆಡಿಸುತ್ತದೆ. ಡೋಲೋದಲ್ಲಿರುವ ಪ್ಯಾರಾಸಿಟಮಾಲ್ ಅಳತೆ ಮೀರಿದರೆ ಲಿವರ್‌ಗೆ ಪೆಟ್ಟು. ನಾವು ಮಂಡಿಗೆ ಹಚ್ಚುವ ನೋವಿನ ಜೆಲ್ ಕೂಡ ಬೇಡ. ಹಚ್ಚಿ ಕೈ ತೊಳೆದು ಬರುವಷ್ಟರಲ್ಲಿ ನೆಕ್ಕಿ ಮುಗಿಸಿರುತ್ತದೆ.

ಇನ್ನು ನೋವು. ಖಂಡಿತ ಇದೆ. ನೀವು ಬರೆದಿರುವ ಆ ಒದ್ದಾಟವೇ ನೋವು. ದಿನವಿಡೀ ಇರುವ ನೋವಿಗೆ ನಾಯಿ ಕೂಗುವುದು ಅಪರೂಪ. ಊಟವನ್ನಂತೂ ಲ್ಯಾಬ್ರಡಾರ್ ವಿಷಯದಲ್ಲಿ ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ನಮ್ಮ ಮನೆಯಲ್ಲೂ ಸೊಂಟದ ಆರ್ಥ್ರೈಟಿಸ್ ಇದ್ದ ಲ್ಯಾಬ್ ಒಬ್ಬ ಇದ್ದ. ತಟ್ಟೆಯ ಸದ್ದಾದರೆ ಹಾಜರ್. ಆದರೆ ಬರುವಾಗ ಗೋಡೆಗೆ ಮೈ ಒರೆಸಿಕೊಂಡೇ ಬರುತ್ತಿದ್ದ. ಮಲಗುವ ಮೊದಲು ಸುತ್ತಿ ಸುತ್ತಿ, ಕೊನೆಗೆ ಧೊಪ್ಪನೆ ಬೀಳುತ್ತಿದ್ದ. ಮೇಲಿಂದ ನೋಡಿದರೆ ಎದೆ ಅಗಲ, ಹಿಂಭಾಗ ಕಿರಿದು. ಭಾರವನ್ನೆಲ್ಲ ಮುಂಗಾಲಿಗೆ ಹಾಕಿ ಹಾಕಿ ತೊಡೆಯ ಮಾಂಸ ಕರಗಿತ್ತು. ನಿಮ್ಮದರ ಎರಡೂ ತೊಡೆಗಳನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಕಡೆ ಸಣ್ಣಗಿದ್ದರೆ ಆ ಕಡೆ ಜಾಸ್ತಿ ನೋವಿರುವ ಸಾಧ್ಯತೆ ಹೆಚ್ಚು.

ಔಷಧಿ ಬೇಕೇ ಬೇಕು, ಆದರೆ ನಾಯಿಯದು. ಡಾಕ್ಟರು ಸಾಮಾನ್ಯವಾಗಿ ಮೆಲಾಕ್ಸಿಕ್ಯಾಮ್, ಕಾರ್ಪ್ರೊಫೆನ್ ಅಥವಾ ಫಿರೊಕಾಕ್ಸಿಬ್ ಬರೆಯುತ್ತಾರೆ. ಮೆಲಾಕ್ಸಿಕ್ಯಾಮ್ ದಿನಕ್ಕೆ ಕಿಲೋಗೆ 0.1 ಮಿ.ಗ್ರಾಂ ಲೆಕ್ಕ, ಮೊದಲ ದಿನ ಮಾತ್ರ ಅದರ ಎರಡರಷ್ಟು. ಅಂದರೆ 30 ಕಿಲೋ ನಾಯಿಗೆ ಮೊದಲ ದಿನ 6, ಆಮೇಲೆ ದಿನಕ್ಕೆ 3 ಮಿ.ಗ್ರಾಂ. ಮನುಷ್ಯರ ಮಾತ್ರೆ ಬರುವುದೇ 7.5 ಮತ್ತು 15 ಮಿ.ಗ್ರಾಂನಲ್ಲಿ. ಮೆಡಿಕಲ್ ಶಾಪಿನಲ್ಲಿ ಅದೇ ಹೆಸರಿನದು ಸಿಗುತ್ತದೆ ಅಂತ ತಂದು ಮುರಿದು ಕೊಡುವವರು ಇದನ್ನು ಗಮನಿಸಬೇಕು. (ಸುಮ್ನೆ ಒಂದು ಮಾತು: ಜಾನುವಾರುಗಳಿಗೆ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿ ಬೇಡ ಎಂದು 2006ರಲ್ಲಿ ಸರ್ಕಾರ ತಡೆದಾಗ ಅದರ ಜಾಗಕ್ಕೆ ಬಂದಿದ್ದು ಇದೇ ಮೆಲಾಕ್ಸಿಕ್ಯಾಮ್. ಡೈಕ್ಲೊಫೆನಾಕ್ ಇದ್ದ ಹಸುವಿನ ಹೆಣ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸಾಯುತ್ತಿದ್ದವು. ನಮ್ಮ ರಾಮನಗರದ ಬೆಟ್ಟದಲ್ಲಿ ಈಗ ರಣಹದ್ದುಗಳಿಗೆಂದೇ ವನ್ಯಧಾಮ ಇದೆ.)

ಔಷಧಿ ಶುರು ಮಾಡುವ ಮೊದಲು ಕಿಡ್ನಿ, ಲಿವರ್ ರಕ್ತಪರೀಕ್ಷೆ ಮಾಡಿಸಿ, ಆಮೇಲೂ ಆಗಾಗ ಮಾಡಿಸುತ್ತಿರಿ. ಊಟದ ಜೊತೆಗೇ ಕೊಡಿ. ಸ್ಟೆರಾಯ್ಡ್ ನಡೆಯುತ್ತಿದ್ದರೆ ತಪ್ಪದೆ ಹೇಳಿ, ಎರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ವಾಂತಿ ಅಥವಾ ಕಪ್ಪು ಮಲ ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಫೋನ್ ಮಾಡಿ.

ಆದರೆ ನನ್ನ ಪ್ರಕಾರ ಮಾತ್ರೆಯಷ್ಟೇ ಕೆಲಸ ಮಾಡುವುದು ತೂಕ ಮತ್ತು ನೆಲ. ದಪ್ಪ ನಾಯಿಗಳ ತೂಕ ನೂರಕ್ಕೆ ಆರರಷ್ಟು ಇಳಿದರೂ ಕುಂಟು ಕಡಿಮೆಯಾಗುವುದು ಸಂಶೋಧನೆಯಲ್ಲಿ ಕಂಡಿದೆ. 36 ಕಿಲೋ ನಾಯಿಗೆ ಅದು ಎರಡೇ ಕಿಲೋ ಚಿಲ್ಲರೆ. 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಒಂದು ಅಧ್ಯಯನದಲ್ಲಿ, ಕಾಲು ಭಾಗ ಕಡಿಮೆ ತಿಂದವು ಸರಾಸರಿ ಎರಡು ವರ್ಷದ ಹತ್ತಿರ ಜಾಸ್ತಿ ಬದುಕಿದವು, ಕೀಲುನೋವೂ ತಡವಾಗಿ ಬಂತು. ಪಕ್ಕೆಲುಬು ಒತ್ತದೆಯೇ ಕೈಗೆ ಸಿಗಬೇಕು. ಸಿಗದಿದ್ದರೆ ಅಜ್ಜಿ ಕೊಡುವ ಬಿಸ್ಕತ್ತು, ದೋಸೆ ತುಂಡು, ಮೊಸರನ್ನ ಎಲ್ಲ ನಿಲ್ಲಬೇಕು. ಇದು ಔಷಧಿಗಿಂತ ಕಷ್ಟದ ಕೆಲಸ, ಗೊತ್ತು.

ನೆಲ ಅಂದರೆ ನಮ್ಮ ಮನೆಗಳ ವಿಟ್ರಿಫೈಡ್ ಟೈಲ್ಸ್. ಅದರ ಮೇಲೆ ಹಿಂಗಾಲು ಎರಡೂ ಕಡೆಗೆ ಜಾರಿದರೆ ಇಡೀ ದಿನದ ಮಾತ್ರೆ ವ್ಯರ್ಥ. ಹಾಸಿಗೆಯಿಂದ ನೀರಿನ ಬಟ್ಟಲು, ಅಲ್ಲಿಂದ ಬಾಗಿಲವರೆಗೆ ಹಳೆಯ ಯೋಗ ಮ್ಯಾಟ್ ಹಾಸಿ. ಅಂದ ಕೆಡುತ್ತದೆ, ಕೆಡಲಿ. ಉಗುರು ಚಿಕ್ಕದಿರಲಿ. ಪಾದದ ಅಡಿಯ ಕೂದಲು ಕತ್ತರಿಸಿ, ಅದೂ ಜಾರಿಸುತ್ತದೆ. ಮೆಟ್ಟಿಲಿಗೆ ಅಡ್ಡ ಏನಾದರೂ ಇಡಿ. ತಣ್ಣನೆಯ ನೆಲದ ಮೇಲೆ ಮಲಗಿಸದೆ ದಪ್ಪ ಹಾಸಿಗೆ ಕೊಡಿ.

ವಾಕಿಂಗ್ ನಿಲ್ಲಿಸಬೇಡಿ. ಭಾನುವಾರ ಒಂದೇ ದಿನ ಕಬ್ಬನ್ ಪಾರ್ಕ್‌ನಲ್ಲಿ ಓಡಿಸುವುದಕ್ಕಿಂತ ದಿನಕ್ಕೆ ಮೂರು ಸಲ ಹತ್ತು ನಿಮಿಷ, ಬೆಲ್ಟ್ ಹಾಕಿ ನಿಧಾನವಾಗಿ. ಚೆಂಡು ಎಸೆಯುವ ಆಟ ಮಾತ್ರ ಬಿಡಿ.

ಮೀನೆಣ್ಣೆಯಿಂದ ಸ್ವಲ್ಪ ಉಪಯೋಗ ಉಂಟು, ಪ್ರಮಾಣ ಡಾಕ್ಟರನ್ನು ಕೇಳಿ. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲುಕೋಸಮೈನ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ದುಡ್ಡು ಕಡಿಮೆ ಇದ್ದರೆ ಅದನ್ನು ರಕ್ತಪರೀಕ್ಷೆಗೆ ಇಟ್ಟುಕೊಳ್ಳಿ.

ಕೊನೆಗೆ ಒಂದು ಪ್ರಶ್ನೆ. ಡಾಕ್ಟರು ಎಕ್ಸ್‌ರೇ ತೆಗೆಸಿದರಾ, ಅಥವಾ ನಡಿಗೆ ನೋಡಿ ಹೇಳಿದರಾ? ನಮ್ಮ ಕಡೆ ಉಣ್ಣಿ ಹುಳುವಿನ ಕಾಟ ಜಾಸ್ತಿ. ಅದು ಕಚ್ಚಿ ಬರುವ ಟಿಕ್ ಫೀವರ್‌ನಲ್ಲೂ ಕೀಲು ಹಿಡಿದುಕೊಳ್ಳುತ್ತದೆ, ಅದಕ್ಕೆ ಔಷಧಿಯೇ ಬೇರೆ. ಮಂಡಿಯ ಲಿಗಮೆಂಟ್ ಹರಿದಿದ್ದರೂ ಲ್ಯಾಬ್‌ಗಳು ಹೀಗೇ ಕುಂಟುತ್ತವೆ. ಬೆಳಗ್ಗೆ ಏಳುವಾಗಿನ ವಿಡಿಯೋ ಮೊಬೈಲ್‌ನಲ್ಲಿ ತೆಗೆದುಕೊಂಡು ಹೋಗಿ ತೋರಿಸಿ, ಕ್ಲಿನಿಕ್‌ನಲ್ಲಿ ಹೆದರಿಕೆಗೆ ಎಲ್ಲ ನಾಯಿಗಳೂ ಚೆನ್ನಾಗಿಯೇ ನಡೆಯುತ್ತವೆ. ಅದರ ತೂಕ ಎಷ್ಟು, ರಿಪೋರ್ಟ್‌ನಲ್ಲಿ ಏನಿದೆ ಅಂತ ಬರೆಯಿರಿ.